ಗಾಂಜಾ ಅಂಗಡಿಗೆ ಎಷ್ಟು ಅಡಿ ದೂರ?

ಓದುಗರ ಪತ್ರ: ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಅವನಿರುವ ಊರಲ್ಲಿ ಗಾಂಜಾ ಅಂಗಡಿಗೆ ಅವಕಾಶವಿಲ್ಲ. ಕಾರಲ್ಲಿ ಹತ್ತು ನಿಮಿಷ ಹೋದರೆ ಪಕ್ಕದೂರಲ್ಲಿ, ಒಡವೆ ಅಂಗಡಿಯ ಹಾಗೆ ಥಳಥಳಿಸುವ ಗಾಜಿನ ಬಾಗಿಲಿನ ಗಾಂಜಾ ಅಂಗಡಿ! ಒಂದೇ ರಾಜ್ಯಕ್ಕೆ ಎರಡು ಕಾನೂನೇ? ಇದು ಆಷಾಢಭೂತಿತನವಲ್ಲವೇ? ಮಗ ಇನ್ನೂ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾನೆ. ಅಂಥ ಅಂಗಡಿಯಲ್ಲಿ ಪಾಲು ಹಾಕು ಎಂದು ಅವನಿಗೆ ಗೆಳೆಯನೊಬ್ಬ ದುಂಬಾಲು ಬಿದ್ದಿದ್ದಾನೆ. ಹಾಕಬಹುದೇ? (ಮೈಸೂರಿನಿಂದ ಒಬ್ಬ ತಾಯಿ)

ಸಂಪಾದಕರ ಉತ್ತರ: ಕಾನೂನು ಒಂದೇ ತಾಯಿ. ‘ನಮ್ಮೂರಿಗೆ ಬೇಡ’ ಎನ್ನುವ ಹಕ್ಕನ್ನೂ ಅದರೊಳಗೇ ಇಟ್ಟಿದ್ದಾರೆ, ಅಷ್ಟೆ. 2020ರ ನವೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ಮತ ಹಾಕಿದ ಮೂವರಲ್ಲಿ ಇಬ್ಬರು ಗಾಂಜಾಕ್ಕೆ ಹೂಂ ಅಂದರು. ಮರುವರ್ಷ ಫೆಬ್ರವರಿಯಲ್ಲಿ ಕಾನೂನಾಯಿತು. ಬೇಡವೆನ್ನುವ ಊರುಗಳು 2021ರ ಆಗಸ್ಟ್ 21ರೊಳಗೆ ಹೇಳಬೇಕಿತ್ತು. ಸುಮ್ಮನೆ ಕೂತರೆ ಐದು ವರ್ಷ ಬಾಯಿ ತೆರೆಯುವಂತಿಲ್ಲ. 565 ಊರುಗಳಲ್ಲಿ ಸುಮಾರು 400 ಬೇಡ ಅಂದವು! ಒಪ್ಪಿದ ಊರಿಗೆ ಚಿಲ್ಲರೆ ಮಾರಾಟದ ಮೇಲೆ 2%ವರೆಗೆ ಸ್ವಂತ ತೆರಿಗೆ ಹಾಕುವ ಅವಕಾಶವುಂಟು. ಆ ಆಸೆಯೂ ಬಹುಪಾಲು ಊರುಗಳನ್ನು ಅಲುಗಿಸಲಿಲ್ಲ.

ರಾಜ್ಯಕ್ಕೆ ಹೂಂ, ಸ್ವಂತ ಬೀದಿಗೆ ಊಹೂಂ. ಇದನ್ನು ಆಷಾಢಭೂತಿತನ ಎಂದು ನೀವು ಬರೆದಿದ್ದೀರಿ. ನನಗೆ ಹಾಗನಿಸುವುದಿಲ್ಲ. ಸೇದಿದವನನ್ನು ಜೈಲಿಗೆ ಹಾಕಬೇಡಿ ಎನ್ನುವುದು ಒಂದು ಮಾತು, ನಮ್ಮ ಮನೆ ಮೂಲೆಯಲ್ಲಿ ಮಾರಿ ಎನ್ನುವುದು ಬೇರೆಯೇ ಮಾತು.

ಒಪ್ಪಿದ ಊರುಗಳಲ್ಲೂ ಜಗಳ ತಪ್ಪಿದ್ದಲ್ಲ. ಅಲ್ಲಿ ಟೇಪು ಹಿಡಿದು ಜಗಳ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯಿಂದ 600 ಅಡಿ ದೂರವಿರಬೇಕು, ಸ್ಥಳೀಯ ಆಡಳಿತ ಬೇರೆ ಅಳತೆ ಗೊತ್ತುಮಾಡದಿದ್ದರೆ. ನ್ಯೂಯಾರ್ಕ್‌ನಲ್ಲಿ ಶಾಲೆಗೆ 500 ಅಡಿ, ಪೂಜಾಸ್ಥಳಕ್ಕೆ 200. ಸರಿ, ಎಲ್ಲಿಂದ ಎಲ್ಲಿಗೆ? ನ್ಯೂಯಾರ್ಕ್‌ನ ಗಾಂಜಾ ಇಲಾಖೆ ಶಾಲೆಯ ಬಾಗಿಲಿನಿಂದ ಅಳೆದು ಲೈಸೆನ್ಸ್ ಕೊಡುತ್ತ ಬಂತು. ಅಳೆಯಬೇಕಿದ್ದದ್ದು ಶಾಲೆಯ ಜಾಗದ ಗಡಿಯಿಂದ ಎಂದು 2025ರ ಜುಲೈನಲ್ಲಿ ಅದಕ್ಕೆ ಜ್ಞಾನೋದಯವಾಯಿತು. ನಡುವೆ ಆಟದ ಮೈದಾನವೊಂದಿದ್ದರೆ ಎಷ್ಟು ಅಡಿ ವ್ಯತ್ಯಾಸವಾದೀತು ನೋಡಿ. 100ಕ್ಕೂ ಹೆಚ್ಚು ಲೈಸೆನ್ಸ್‌ದಾರರಿಗೆ ನಿಮ್ಮ ಜಾಗ ನಿಯಮಕ್ಕೆ ಹೊಂದುವುದಿಲ್ಲ ಎಂಬ ಸುದ್ದಿ ಹೋಯಿತು. ಹೆಚ್ಚಿನವರು ನ್ಯೂಯಾರ್ಕ್ ನಗರದವರೇ. ಸಾಲ ಮಾಡಿ, ಬಾಡಿಗೆ ಕರಾರು ಬರೆದು, ಸರ್ಕಾರವೇ ಅಳೆದುಕೊಟ್ಟ ಜಾಗದಲ್ಲಿ ಕೂತವರು!

ನಮ್ಮಲ್ಲೂ ಟೇಪಿನ ಪುರಾಣ ಹೊಸದಲ್ಲ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ ಶಾಲೆ, ದೇವಸ್ಥಾನದಿಂದ ಮದ್ಯದಂಗಡಿಗೆ 100 ಮೀಟರ್ ಅಂತರವಿರಬೇಕು. ಜನ ನಡೆದು ಹೋಗುವ ದಾರಿ ಹಿಡಿದು ಅಳೆಯುತ್ತಾರೆ. ವರದಿಗಾರನಾಗಿದ್ದಾಗ ಒಂದು ತಾಲ್ಲೂಕು ಕೇಂದ್ರದಲ್ಲಿ ನೋಡಿದ್ದೆ: ತಕರಾರು ಬಂದ ವಾರದಲ್ಲೇ ಅಂಗಡಿಯವ ಮುಂಬಾಗಿಲಿಗೆ ಇಟ್ಟಿಗೆ ಕಟ್ಟಿ, ಹಿಂದಿನ ಓಣಿಗೆ ಶಟರ್ ಇಟ್ಟ. ಬಾಟಲಿ ಇದ್ದಲ್ಲೇ ಇತ್ತು. ದೂರ ಮಾತ್ರ ಬೆಳೆಯಿತು.

ಇಂಥ ನಿಯಮಗಳಲ್ಲಿ ನನ್ನನ್ನು ಕಾಡುವುದು ಬೇರೆ. ಶಾಲೆಯ ಹತ್ತಿರ ಬೇಡ, ಮನೆಗಳ ನಡುವೆ ಬೇಡ ಎಂದು ನಕಾಶೆಯಲ್ಲಿ ಒಂದೊಂದೇ ಸುತ್ತು ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಗೋದಾಮುಗಳ ಬೀದಿ. ಅದರ ಪಕ್ಕದಲ್ಲಿ ವಾಸವಿರುವವರು ಬಡವರು. ಕೊಲೊರಾಡೋ ರಾಜ್ಯದ ಡೆನ್ವರ್ ನಗರದಲ್ಲಿ ಆದದ್ದು ಇದೇ. 2014ರ ಜನವರಿ 1ರಂದು ಆ ರಾಜ್ಯದಲ್ಲಿ ಔಷಧಕ್ಕಲ್ಲದ ಗಾಂಜಾ ಮಾರಾಟವೂ ಶುರುವಾಯಿತು. ಎಲಿರಿಯಾ-ಸ್ವಾನ್ಸಿಯಾದಂಥ, ಹೆದ್ದಾರಿ ಸೀಳಿಕೊಂಡು ಹೋದ ದುಡಿಯುವವರ ಬಡಾವಣೆಗಳಲ್ಲಿ ಗಾಂಜಾ ಬೆಳೆಯುವ ಗೋದಾಮುಗಳು ಒತ್ತೊತ್ತಾಗಿ ಎದ್ದವು. ವಾಸನೆ ಅಲ್ಲಿಯವರ ಪಾಲಿಗೆ ಬಂತು. ನಿಮ್ಮ ಮಗನ ಊರು ಬೇಡವೆಂದದ್ದೂ ಪಕ್ಕದೂರಿನ ಪಾರ್ಕಿಂಗಿಗೆ ಹೋಗಿ ನಿಂತಿದೆ ತಾನೆ?

ಇನ್ನು ಪಾಲಿನ ವಿಚಾರ. ರಾಜ್ಯ ಲೈಸೆನ್ಸ್ ಕೊಟ್ಟರೂ ಅಮೆರಿಕದ ಕೇಂದ್ರ ಕಾನೂನಿಗೆ ಈ ವ್ಯಾಪಾರ ಅಪರಾಧವೇ, ಮತ್ತು ವೀಸಾ, ಗ್ರೀನ್ ಕಾರ್ಡ್, ಪೌರತ್ವಗಳನ್ನು ನೋಡುವುದು ಕೇಂದ್ರ ಸರ್ಕಾರ. ಇಂಥ ಅಂಗಡಿಯಲ್ಲಿ ಬರೀ ನೌಕರಿ ಮಾಡಿದರೂ ಪೌರತ್ವಕ್ಕೆ ಕುತ್ತು ಬರಬಹುದೆಂದು ಅಲ್ಲಿನ ವಲಸೆ ಇಲಾಖೆ 2019ರಲ್ಲೇ ಬರೆದಿಟ್ಟಿದೆ. ನಿಮ್ಮ ಮಗ ಇನ್ನೂ ಎಚ್-1ಬಿಯಲ್ಲಿದ್ದಾನೆ ಎಂದು ಬರೆದಿದ್ದೀರಿ. ಗೆಳೆಯನಿಗೆ ಇವತ್ತೇ ಫೋನ್ ಮಾಡಿ ಆಗುವುದಿಲ್ಲ ಅನ್ನಲಿ. ಈಗಾಗಲೇ ಯಾವುದಕ್ಕಾದರೂ ಸಹಿ ಹಾಕಿದ್ದರೆ, ಮೊದಲು ವಲಸೆ ವಕೀಲರಿಗೆ ಆ ಕಾಗದ ತೋರಿಸಲಿ.