ಓದುಗರ ಪ್ರಶ್ನೆ: ಹೆದ್ದಾರಿಯ ವೇಗ, ಕ್ಯಾಮೆರಾ ಮತ್ತು ಕಬ್ಬಿನ ಗಾಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆದ್ದಾರಿಯ ವೇಗಮಿತಿಯ ಕುರಿತೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ನೂರು ಎನ್ನುತ್ತಾರೆ. ಆದರೆ ಕೆಲವು ಕಡೆ 80 ಎಂಬ ಬೋರ್ಡು ಇರುತ್ತದೆ. ಯಾವುದನ್ನು ನಂಬಬೇಕು? (ಕಾರು ಮಾಲೀಕರು, ಚನ್ನಮ್ಮನ ಕಿತ್ತೂರು)

ಬೋರ್ಡನ್ನು. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯು ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೆ ಮತ್ತು ಬೈಕಿಗೆ 80, ಆಟೊಗೆ 50 ಕಿ.ಮೀ. ಎಂದು ಹೇಳಿತು. ಎರಡು ಪಥದ ಸಾಮಾನ್ಯ ರಸ್ತೆಗಳಲ್ಲಿ ಕಾರಿಗೆ 70, ಲಾರಿ, ಬಸ್ಸು, ಬೈಕುಗಳಿಗೆ 60. ಇವೆಲ್ಲ ಗರಿಷ್ಠ ಮಿತಿಗಳು, ಇದಕ್ಕಿಂತ ಮೇಲೆ ಯಾರೂ ಹೋಗುವಂತಿಲ್ಲ ಎಂದಷ್ಟೇ ಅರ್ಥ. ರಸ್ತೆ, ಸೇತುವೆ, ಊರಿನ ಸ್ವರೂಪ ನೋಡಿ ಇದಕ್ಕಿಂತ ಕಡಿಮೆ ಮಿತಿ ಹಾಕಿ ಬೋರ್ಡು ನೆಡಲು ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಅವಕಾಶ ಕೊಡುತ್ತದೆ. ಬೋರ್ಡಿನಲ್ಲಿ 80 ಇದ್ದರೆ ನಿಮ್ಮ ಕಾರಿಗೂ 80.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇವೆ. ಬೊಲೆರೊ ಕಾರಿಗೆ ನೂರು ಸಲ್ಲುತ್ತದೆ, ಬೊಲೆರೊ ಪಿಕಪ್‌ಗೆ ಸಲ್ಲುವುದಿಲ್ಲ. ಪಿಕಪ್ ಸರಕು ವಾಹನ, ಅದರ ಮಿತಿ 80. ಆರ್‌ಸಿಯಲ್ಲಿ ಗಾಡಿಯ ವರ್ಗ ಏನೆಂದು ಬರೆದಿದೆಯೋ ಅದೇ ಮುಖ್ಯ.

ಪ್ರಶ್ನೆ: ಮೊಬೈಲಿಗೆ ವೇಗದ ಚಲನ್ ಬಂದಿದೆ. ಆ ದಿನ ಗಾಡಿ ಮನೆಯಲ್ಲೇ ಇತ್ತು. ಏನು ಮಾಡಬೇಕು? (ಓದುಗರು, ಚಿಕ್ಕೋಡಿ)

ಮೊದಲು ಅದು ನಿಜವಾದ ಚಲನ್ ಹೌದೋ ಅಲ್ಲವೋ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದಿದ್ದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ. ಬಂದ ಲಿಂಕ್ ಒತ್ತದೆ, ಪರಿವಾಹನ್ ಇ-ಚಲನ್ ತಾಣವನ್ನು ನೀವೇ ತೆರೆಯಿರಿ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇರಲೇಬೇಕು. ಗಾಡಿ ನಂಬರು, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರ ಹಾಕಿದರೆ ಬಾಕಿ ಚಲನ್‌ಗಳು ಕಾಣುತ್ತವೆ.

ಅಲ್ಲಿ ಚಲನ್ ಇದ್ದರೆ ಫೋಟೊ ತೆರೆದು ದೊಡ್ಡದು ಮಾಡಿ ನೋಡಿ. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮದಂತೆ ಕ್ಯಾಮೆರಾ ಚಲನ್‌ನಲ್ಲಿ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಜಾಗ, ಮುರಿದ ಕಲಂ ಎಲ್ಲವೂ ಇರಬೇಕು. ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ಭಾಗಕ್ಕೆ ಮುಂಚೆಯೇ ಎಚ್ಚರಿಕೆಯ ಬೋರ್ಡು ಇರಬೇಕು.

ನಿಮ್ಮಂಥ ಪ್ರಕರಣದಲ್ಲಿ ಮೊದಲು ಅನುಮಾನಿಸಬೇಕಾದದ್ದು ನಂಬರ್ ಓದುವಲ್ಲಿನ ತಪ್ಪನ್ನು. ಚಿಕ್ಕೋಡಿಯದು ಕೆಎ 23, ವಿಜಯಪುರದ್ದು ಕೆಎ 28. ಪ್ಲೇಟಿನ ಮೇಲೆ ಎರೆಮಣ್ಣು ಮೆತ್ತಿದಾಗ 3 ಮತ್ತು 8 ಒಂದೇ ಥರ ಕಾಣುತ್ತವೆ. ಚಿತ್ರದಲ್ಲಿರುವ ಗಾಡಿಯ ಬಣ್ಣ, ಮಾದರಿ ನಿಮ್ಮದಲ್ಲದಿದ್ದರೆ ಆ ಚಿತ್ರ, ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಫೋಟೊ ಸೇರಿಸಿ ಚಲನ್ ಹಾಕಿದ ಠಾಣೆಗೆ ಲಿಖಿತ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ದಂಡ ಮಾತ್ರ ಕಟ್ಟಬೇಡಿ. ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿದುಹೋಗುತ್ತದೆ.

ಹಲವರು ಬರೆದಂತೆ "ಗನ್ನು ವೇಗ ಹೆಚ್ಚು ತೋರಿಸಿತು" ಎಂಬ ವಾದ ಸುಲಭಕ್ಕೆ ನಿಲ್ಲುವುದಿಲ್ಲ. ವೇಗ ಅಳೆಯುವ ಗನ್ನು ಹಿಡಿದ ಪೊಲೀಸರು ರಸ್ತೆಯ ಬದಿಗೆ ನಿಂತಿರುವುದರಿಂದ ಗಾಡಿಗೆ ಓರೆಯಾಗಿ ಗುರಿ ಇಡುತ್ತಾರೆ. ಓರೆ ಹೆಚ್ಚಾದಷ್ಟು ಅಳತೆ ಕಡಿಮೆಯಾಗುತ್ತದೆ. 20 ಡಿಗ್ರಿ ಓರೆಯಲ್ಲಿ ನೂರರ ವೇಗ 94 ಎಂದು ಬರುತ್ತದೆ. ಅಂದರೆ ಆ ವ್ಯತ್ಯಾಸ ಚಾಲಕರಿಗೇ ಅನುಕೂಲ. ಆದರೆ ಯಂತ್ರವೇ ಇಲ್ಲದೆ, ಕಣ್ಣಂದಾಜಿನಲ್ಲಿ "ಜೋರಾಗಿ ಬಂದಿರಿ" ಎಂದು ಒಬ್ಬರು ಹೇಳಿದ ಮಾತೊಂದರ ಮೇಲೆ ಶಿಕ್ಷೆ ಆಗುವಂತಿಲ್ಲ ಎಂದು 183ನೇ ಕಲಂ ಹೇಳುತ್ತದೆ.

ಕಾಯ್ದೆಯಂತೆ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಎರಡನೇ ಸಲಕ್ಕೆ ಲೈಸೆನ್ಸಿಗೇ ಕುತ್ತು. 130 ಕಿ.ಮೀ. ದಾಟಿದರೆ ಎಫ್‌ಐಆರ್ ಎಂದು ರಾಜ್ಯ ಪೊಲೀಸರು 2024ರ ಆಗಸ್ಟ್‌ನಿಂದ ಜಾರಿಗೆ ತಂದಿದ್ದಾರೆ. 2023ರ ಫೆಬ್ರುವರಿಯಲ್ಲಿ, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಿತ್ತು. ಅದನ್ನೇ ನೆಚ್ಚಿಕೊಂಡು "ಮುಂದಿನ ರಿಯಾಯಿತಿಗೆ ಕಟ್ಟಿದರಾಯಿತು" ಎನ್ನುವವರ ಪತ್ರಗಳೂ ಬಂದಿವೆ. ಎಫ್‌ಐಆರ್‌ಗೆ ರಿಯಾಯಿತಿ ಇಲ್ಲ.

ಪ್ರಶ್ನೆ: ಎಲ್ಲರೂ ಕ್ಯಾಮೆರಾ ಹತ್ತಿರ ಬಂದಾಗ ನಿಧಾನ ಮಾಡಿ ಆಮೇಲೆ ಓಡಿಸುತ್ತಾರೆ. ಮುಂದೆ ಪೊಲೀಸರಿದ್ದರೆ ಎದುರಿನವರು ಡಿಪ್ಪರ್ ಹೊಡೆದು ಹೇಳುತ್ತಾರೆ. ಇದರಲ್ಲಿ ತಪ್ಪೇನು? (ಓದುಗರು, ಇಳಕಲ್)

ಕ್ಯಾಮೆರಾ ಕಂಡೊಡನೆ 110ರಿಂದ 80ಕ್ಕೆ ಇಳಿಸುವವರ ಹಿಂದೆ 20 ಮೀಟರ್ ಅಂತರದಲ್ಲಿ ಇನ್ನೊಂದು ಕಾರು ಇದೆ ಎನ್ನಿ. 110ರ ವೇಗದಲ್ಲಿ 20 ಮೀಟರ್ ಸಾಗಲು ಮುಕ್ಕಾಲು ಸೆಕೆಂಡೂ ಬೇಡ. ಮುಂದಿನ ಬ್ರೇಕ್ ಲೈಟ್ ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಸಾಮಾನ್ಯವಾಗಿ ಒಂದೂವರೆ ಸೆಕೆಂಡು ಬೇಕು. ಉಳಿದದ್ದನ್ನು ಹೇಳಬೇಕಿಲ್ಲ. ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ ಲೆಕ್ಕ ಹಾಕುವ ವ್ಯವಸ್ಥೆಯಲ್ಲಂತೂ ಈ ಚಾಲಾಕಿತನ ನಡೆಯುವುದೇ ಇಲ್ಲ. ನೂರರ ಮಿತಿಯಲ್ಲಿ 10 ಕಿ.ಮೀ.ಗೆ ಆರು ನಿಮಿಷ ಬೇಕು. ಐದೇ ನಿಮಿಷದಲ್ಲಿ ಬಂದರೆ 120ರಲ್ಲಿ ಬಂದಿರಿ ಎಂದೇ ಅರ್ಥ, ಕ್ಯಾಮೆರಾದ ಕೆಳಗೆ ಎಷ್ಟರಲ್ಲಿ ದಾಟಿದರೂ.

ಡಿಪ್ಪರ್ ಬಗ್ಗೆ ನಮಗೆ ನಿಜಕ್ಕೂ ಬೇಸರವಿದೆ. ರಸ್ತೆಯಲ್ಲಿ ಕಬ್ಬಿನ ಡಬ್ಬಿ (ಟ್ರೈಲರ್) ಮಗುಚಿದಾಗ, ದನ ಅಡ್ಡ ಬಂದಾಗ, ಶ್ರೀಶೈಲಕ್ಕೆ ನಡೆದು ಹೊರಟವರು ಕತ್ತಲಲ್ಲಿ ಸಾಲಾಗಿ ಸಾಗುತ್ತಿರುವಾಗ ಎದುರಿನವರಿಗೆ ಹೇಳಲು ಚಾಲಕರಿಗೆ ಇರುವ ಮಾತು ಅದೊಂದೇ. ಅದನ್ನು ಪೊಲೀಸರ ಸುದ್ದಿಗೆ ಬಳಸಿ ಬಳಸಿ, ಈಗ ಡಿಪ್ಪರ್ ಕಂಡವರು "ಮುಂದೆ ಚೆಕಿಂಗ್" ಎಂದುಕೊಂಡು ಬೆಲ್ಟ್ ಹಾಕಿಕೊಳ್ಳುತ್ತಾರೆ, ರಸ್ತೆ ನೋಡುವುದಿಲ್ಲ.

ಇಷ್ಟೆಲ್ಲ ಮಾಡಿ ಉಳಿಸುವುದೆಷ್ಟು? ವಿಜಯಪುರದಿಂದ ಹುನಗುಂದಕ್ಕೆ ಹೆಚ್ಚು ಕಡಿಮೆ ನೂರು ಕಿ.ಮೀ. ಉದ್ದಕ್ಕೂ ತಡೆಯಿಲ್ಲದೆ 120ರಲ್ಲಿ ಹೋದರೂ 100ರಲ್ಲಿ ಹೋದವರಿಗಿಂತ ಹತ್ತು ನಿಮಿಷ ಮೊದಲು ಮುಟ್ಟುತ್ತೀರಿ. ಅದಕ್ಕೆ ತೆರುವ ಬೆಲೆ ಇದು: ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ನೂರರ ಕಾರು ನಿಲ್ಲಲು ಸುಮಾರು 98 ಮೀಟರ್ ಬೇಕು. ಅದೇ ಜಾಗದಲ್ಲಿ ಬ್ರೇಕ್ ಒತ್ತಲು ನಿರ್ಧರಿಸಿದ 120ರ ಕಾರು, ನೂರರ ಕಾರು ನಿಂತ ಗೆರೆಯನ್ನು ದಾಟುವಾಗ ಇನ್ನೂ 76 ಕಿ.ಮೀ. ವೇಗದಲ್ಲಿ ಇರುತ್ತದೆ.

ಪ್ರಶ್ನೆ: ಕಾರಿಗೆ ದಪ್ಪ ಟೈರ್ ಹಾಕಿಸಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ? (ಓದುಗರು, ಜಮಖಂಡಿ)

ಹೌದು, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. 185/65 ಆರ್15 ಟೈರಿನ ಎತ್ತರ 621 ಮಿ.ಮೀ. ಅದರ ಬದಲು 205/65 ಆರ್15 ಹಾಕಿದರೆ 647 ಮಿ.ಮೀ. ಒಂದು ಸುತ್ತಿಗೆ ನೂರಕ್ಕೆ ನಾಲ್ಕರಷ್ಟು ಹೆಚ್ಚು ದೂರ. ಕಂಪನಿಯವರು ಮೀಟರನ್ನು ತುಸು ಹೆಚ್ಚು ತೋರಿಸುವಂತೆ ಇಟ್ಟಿರುತ್ತಾರೆ. ನೀವು ಆ ಅಂತರವನ್ನು ತಿಂದುಹಾಕಿದಿರಿ. ಬಾಗಿಲ ಅಂಚಿನ ಸ್ಟಿಕ್ಕರಿನಲ್ಲಿರುವ ಅಳತೆಯನ್ನೇ ಹಾಕಿಸಿ.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ಹೆದ್ದಾರಿಯ ತುಂಬ ಟ್ರ್ಯಾಕ್ಟರ್‌ಗಳು. ಅಪಾಯ ಅವರಿಂದ. ಕ್ಯಾಮೆರಾ ಇಡುವುದು ಮಾತ್ರ ಕಾರಿನವರಿಗೆ. ಇದು ನ್ಯಾಯವೇ? (ಓದುಗರು, ಮುಧೋಳ)

ದೂರಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕಾರಿನವರ ಕೈಯಲ್ಲಿದೆ. ಕೊಲ್ಲುವುದು ಎರಡು ಗಾಡಿಗಳ ವೇಗದ ನಡುವಿನ ಅಂತರ. ತುಂಬಿದ ಎರಡು ಡಬ್ಬಿ ಎಳೆಯುವ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ಹೋಗುತ್ತಿದೆ, ಹಿಂದೆ ದೀಪವಿಲ್ಲ, ನಿಮ್ಮ ಲೋ ಬೀಮಿಗೆ ಅದು 60 ಮೀಟರ್ ದೂರದಲ್ಲಿ ಕಂಡಿತು ಎಂದು ಲೆಕ್ಕ ಹಾಕೋಣ. ನೀವು 80ರಲ್ಲಿದ್ದರೆ, ಗಾಬರಿಯ ಒಂದೂವರೆ ಸೆಕೆಂಡು ಮತ್ತು ಗಟ್ಟಿ ಬ್ರೇಕು ಸೇರಿ ಸುಮಾರು 45 ಮೀಟರಿನಲ್ಲಿ ನಿಮ್ಮ ವೇಗ ಟ್ರ್ಯಾಕ್ಟರಿನ ವೇಗಕ್ಕೆ ಇಳಿಯುತ್ತದೆ, 15 ಮೀಟರ್ ಉಳಿಯುತ್ತದೆ. ನೂರರಲ್ಲಿದ್ದರೆ ಬೇಕಾಗುವುದು 69 ಮೀಟರ್. ಇರುವುದು 60. ಟ್ರ್ಯಾಕ್ಟರಿನ ವೇಗಕ್ಕಿಂತ 40 ಕಿ.ಮೀ. ಹೆಚ್ಚಿನ ವೇಗದಲ್ಲಿ ಕಬ್ಬಿನ ಹೊರೆಗೆ ಹೋಗಿ ಗುದ್ದುತ್ತೀರಿ. ಆ ಹೊರೆ ಕಾರಿನ ಬಾನೆಟ್ಟಿನ ಮಟ್ಟದಲ್ಲಿ ಇರುವುದಿಲ್ಲ, ಗಾಜಿನ ಮಟ್ಟದಲ್ಲಿ ಇರುತ್ತದೆ. ಹಾಗಾಗಿ ಬೋರ್ಡು ಎಷ್ಟೇ ಹೇಳಲಿ, ಕಾರ್ಖಾನೆಗಳು ನುರಿಸುವ ತಿಂಗಳುಗಳಲ್ಲಿ ರಾತ್ರಿ 80 ದಾಟಬೇಡಿ ಎಂಬುದೇ ನಮ್ಮ ಮಾತು.

ಟ್ರ್ಯಾಕ್ಟರಿನವರಿಗೂ ಅಷ್ಟೇ ಒತ್ತಿ ಹೇಳುತ್ತೇವೆ. ಪ್ರತಿಫಲಿಸುವ ಪಟ್ಟಿ ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಇರಬೇಕು. ಹೆಚ್ಚಿನವರು ಪಟ್ಟಿಯನ್ನು ಡಬ್ಬಿಯ ಹಿಂಬಾಗಿಲಿಗೆ ಅಂಟಿಸುತ್ತಾರೆ. ಕಬ್ಬು ಹೇರಿದ ಮೇಲೆ ಸೋಗೆ ಅದರ ಮೇಲೆಯೇ ಇಳಿಬಿದ್ದು ಪಟ್ಟಿ, ದೀಪ ಎರಡನ್ನೂ ಮುಚ್ಚುತ್ತದೆ. ಆದ್ದರಿಂದ ಒಂದು ಹಲಗೆ ಅಥವಾ ತಗಡಿಗೆ ಕೆಂಪು ಪಟ್ಟಿ ಅಂಟಿಸಿ, ಹೇರಿಕೆ ಮುಗಿದ ಮೇಲೆ ಹೊರೆಯ ಹೊರಗಡೆಗೆ ಹಗ್ಗದಿಂದ ಕಟ್ಟಿ. ಜೊತೆಗೆ ಬ್ಯಾಟರಿಯ ಕೆಂಪು ಮಿಣುಕು ದೀಪವೂ ಇರಲಿ. ಕಾರ್ಖಾನೆಯಲ್ಲಿ ಖಾಲಿ ಮಾಡಿದ ಮೇಲೆ ಬಿಚ್ಚಿ ಇಟ್ಟುಕೊಳ್ಳಬಹುದು. ಎರಡನೇ ಡಬ್ಬಿಗೆ ಹೋಗುವ ವೈರು ತಿರುವಿನಲ್ಲಿ ಎಳೆದು ಕಿತ್ತುಬರುತ್ತದೆ. ಕೊಂಡಿಯ ಹತ್ತಿರ ಒಂದು ಮೊಳ ಸಡಿಲ ಬಿಟ್ಟು ಕಟ್ಟಿದರೆ ಉಳಿಯುತ್ತದೆ. ಪಟ್ಟಿಯ ಮೇಲಿನ ಕೆಸರನ್ನು ಹೊಲದಿಂದ ಡಾಂಬರಿಗೆ ಹತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ರಾತ್ರಿ ಟ್ರ್ಯಾಕ್ಟರ್ ಕೆಟ್ಟರೆ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಬೈಕಿನವರ ಜೀವ ಹೋಗುತ್ತದೆ.

ಪ್ರಶ್ನೆ: ನಾ ದ್ರಾಕ್ಷಿ ಲೋಡ್ ತಗೊಂಡ ಬೆಂಗಳೂರಿಗೆ ಹೋಗಾಂವ್ರಿ. ರಾತ್ರಿ ಎಂಟಕ್ಕ ಗಾಡಿ ಬಿಟ್ರ ನಸುಕಿನ್ಯಾಗ ನಾಕಕ್ಕ ಮಾರ್ಕೆಟ್ ಮುಟ್ಟಬೇಕಂತಾರ ಮಾಲಕರು. ಗವರ್ನರ್ (ವೇಗ ಮಿತಿಯಲ್ಲಿಡುವ ಸಾಧನ) ತಗಸಿ ಹಾಕಂತಾರ. ಫೈನ್ ಬಿದ್ರ ಯಾರ ತುಂಬಬೇಕ್ರಿ? (ಲಾರಿ ಚಾಲಕರು, ತಿಕೋಟಾ)

ದಂಡ ಓಡಿಸಿದವರಿಗಷ್ಟೇ ಅಲ್ಲ. ತನ್ನ ಕೈಕೆಳಗಿನವರಿಂದ ಮಿತಿ ಮೀರಿ ಓಡಿಸಿದ ಮಾಲೀಕರೂ 183ನೇ ಕಲಮಿನಡಿ ಹೊಣೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಮಿತಿ ಮುರಿಯದೆ ಮುಟ್ಟಲಾಗದಂಥ ಸಮಯ ಕೊಟ್ಟು "ಇಷ್ಟರೊಳಗೆ ಬಾ" ಎಂದು ಆದೇಶಿಸಿದರೆ, ಆ ಆದೇಶವೇ ಮೇಲ್ನೋಟಕ್ಕೆ ಮಾಲೀಕರ ವಿರುದ್ಧ ಸಾಕ್ಷಿ. ಸಮಯ ಹೇಳಿದ ಮೆಸೇಜ್, ವಾಯ್ಸ್ ನೋಟ್ ಅಳಿಸಬೇಡಿ.

ನಿಮಗೆ ಕೊಟ್ಟ ಸಮಯ ನೋಡಿ. ದಾರಿ 500 ಕಿ.ಮೀ.ಗಿಂತ ಹೆಚ್ಚು, ಸಮಯ ಎಂಟು ಗಂಟೆ. ಎಲ್ಲೂ ನಿಲ್ಲದೆ ಗಂಟೆಗೆ 63 ಕಿ.ಮೀ.ಗಿಂತ ಹೆಚ್ಚು ಸರಾಸರಿ ಬರಬೇಕು. 80ರ ಮಿತಿಯ ಲಾರಿಗೆ ಟೋಲ್, ಊರು, ಏರು ಸೇರಿ 50 ಬಂದರೆ ದೊಡ್ಡದು. ಅಂದರೆ ಹತ್ತು ಗಂಟೆಯ ಮೇಲೆ ಬರೀ ಓಡಿಸುವುದೇ ಆಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು) ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಹೇಳುತ್ತಿತ್ತು. ಹಾಗಾಗಿ ಕೇಳಬೇಕಾದದ್ದು ಎರಡು: ಮಧ್ಯಾಹ್ನ ನಾಲ್ಕಕ್ಕೆ ಲೋಡ್ ಮುಗಿಸಿ ಕಳುಹಿಸಬೇಕು, ಜೊತೆಗೆ ಇನ್ನೊಬ್ಬ ಚಾಲಕರು ಇರಬೇಕು.

ಗವರ್ನರ್ ತೆಗೆಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 118ರಂತೆ ಅದು ಸರಕು ಲಾರಿಗೆ 80ಕ್ಕೆ, ಟಿಪ್ಪರ್ ಮತ್ತು ಟ್ಯಾಂಕರ್‌ಗೆ 60ಕ್ಕೆ ಹೊಂದಿಸಿದ ಕಡ್ಡಾಯ ಸಾಧನ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಕಿತ್ತ ಸೀಲು ಸಿಕ್ಕಿಬೀಳುತ್ತದೆ. ಆದರೆ ಗವರ್ನರ್ ಇದೆ ಎಂದು ಇಳಿಜಾರಿನಲ್ಲಿ ನೆಮ್ಮದಿಯಿಂದ ಇರಬೇಡಿ. ಅದು ಎಂಜಿನ್ನಿಗೆ ಡೀಸೆಲ್ ಕಡಿಮೆ ಮಾಡುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ತವಂದಿ ಘಾಟಿನಂಥ ಇಳಿಜಾರಿನಲ್ಲಿ ತುಂಬಿದ ಲಾರಿ ತನ್ನ ಭಾರಕ್ಕೇ 80 ದಾಟುತ್ತದೆ. ಇಳಿಯುವ ಮೊದಲೇ, ಮೇಲೆಯೇ ಕೆಳಗಿನ ಗೇರಿಗೆ ಬನ್ನಿ. ನ್ಯೂಟ್ರಲ್ ಬೇಡ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು, ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.