ಪಿಎಚ್ 7ಕ್ಕೆ ತಂದರೆ ಲವಣ ಪೂರ್ತಿ ಉಳಿಯುವುದಿಲ್ಲ

ಪ್ರಶ್ನೆ: ಬೆಂಗಳೂರಿನಲ್ಲಿ ಬಿ.ಫಾರ್ಮ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ 2.34 ಗ್ರಾಂ ಲಿಡೋಕೇನ್ (ಮರಗಟ್ಟಿಸುವ ಔಷಧಿ) ಬೇಸನ್ನು, ಅಂದರೆ ಆಮ್ಲದೊಡನೆ ಸೇರಿ ಲವಣವಾಗುವ ಅದರ ರೂಪವನ್ನು, 40 ಮಿ.ಲೀ. ನೀರಿಗೆ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಲವಣ ಮಾಡಲು ಹೊರಟೆ. ಪಿಎಚ್ 2ಕ್ಕೆ ಇಳಿದುಬಿಟ್ಟಿತು. ಕಾಸ್ಟಿಕ್ ಸೋಡಾ ಹಾಕಿ 7ಕ್ಕೆ ತಂದರೆ ದ್ರಾವಣ ಬೆಳ್ಳಗೆ ಕದಡಿತು. ಎಲ್ಲಿ ತಪ್ಪಿದೆ ಸರ್?

ಉತ್ತರ: 7ಕ್ಕೆ ತರಬೇಕೆಂದುಕೊಂಡದ್ದೇ ತಪ್ಪು. ಲಿಡೋಕೇನ್‌ನ ಪಿಕೆಎ (ಅರ್ಧ ಲವಣ, ಅರ್ಧ ಬೇಸ್ ಆಗಿರುವ ಪಿಎಚ್) ಸುಮಾರು 7.9. ಪಿಎಚ್ 7ರಲ್ಲಿ ಅದರ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ್ತೆ ಬೇಸ್ ಆಗಿಬಿಡುತ್ತದೆ. ಬೇಸ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಲ್ಲ, ನೀವು ಕಂಡ ಬಿಳಿ ಕದಡು ಅದೇ.

ನಿಮ್ಮ 2.34 ಗ್ರಾಂ ಎಂದರೆ 0.01 ಮೋಲ್. ಅದಕ್ಕೆ 1 ಮೋಲಾರ್ (ಲೀಟರಿಗೆ 1 ಮೋಲ್) ಆಮ್ಲ 10 ಮಿ.ಲೀ. ಸಾಕು. ಒಟ್ಟು 50 ಮಿ.ಲೀ.ನಲ್ಲಿ ಶುದ್ಧ ಲವಣದ ಪಿಎಚ್ ಲೆಕ್ಕದ ಪ್ರಕಾರ 4.3ರ ಆಸುಪಾಸು. ನಿಲ್ಲಬೇಕಾದ ಜಾಗ ಅದು. ಆದರೆ ಅಲ್ಲಿ ನಿಲ್ಲುವುದು ಕಷ್ಟ: 9 ಮಿ.ಲೀ. ಹಾಕಿದಾಗಲೂ ಪಿಎಚ್ 7ರ ಹತ್ತಿರವೇ ಇರುತ್ತದೆ, 9.9ಕ್ಕೆ 5.9, 10.1 ಆಯಿತೋ 2.7! ಎರಡು ಹನಿ ಹೆಚ್ಚಾದರೆ ಕೆಟ್ಟಿತು. ಆದ್ದರಿಂದ ಬ್ಯುರೆಟ್‌ನಿಂದ 9 ಮಿ.ಲೀ.ವರೆಗೆ ಧೈರ್ಯವಾಗಿ ಬಿಡಿ. ಉಳಿದ ಒಂದು ಮಿ.ಲೀ.ಗೆ ಸಮನಾದ ಆಮ್ಲವನ್ನು ಹತ್ತು ಪಟ್ಟು ತೆಳು ಮಾಡಿ, ಕಲಕುತ್ತ ಹನಿಹನಿಯಾಗಿ ಹಾಕಿ.

ಮೀಟರ್ ನೋಡಿ ಗಾಬರಿಯಾಗಬೇಡಿ. ಬೇಸ್‌ನ ಪುಡಿ ಇನ್ನೂ ಕರಗದೆ ತೇಲುತ್ತಿರುವಾಗ ಆಮ್ಲ ಬಿದ್ದೊಡನೆ ಸಂಖ್ಯೆ 3ಕ್ಕೆ ಕುಸಿಯಬಹುದು, ಪುಡಿ ಕರಗುತ್ತ ಹೋದಂತೆ ತಾನಾಗಿಯೇ ಏರುತ್ತದೆ. ಸಂಖ್ಯೆ ನಿಂತ ಮೇಲೆಯೇ ಮುಂದಿನ ಹನಿ.

ಪಿಎಚ್ 2ಕ್ಕೆ ಇಳಿದಾಗ ನಿಮ್ಮಲ್ಲಿ ಹೆಚ್ಚಾಗಿದ್ದ ಆಮ್ಲ ಸುಮಾರು ಅರ್ಧ ಮಿ.ಲೀ. ಕಾಸ್ಟಿಕ್ ಸೋಡಾ ಹಾಕಿದರೆ ಅಡುಗೆ ಉಪ್ಪು ಹುಟ್ಟಿ ನಿಮ್ಮ ಹರಳಿನ ಜೊತೆ ಸೇರಿಕೊಳ್ಳುತ್ತದೆ. ಅದರ ಬದಲು ಅದೇ ಲಿಡೋಕೇನ್ ಬೇಸ್ 0.12 ಗ್ರಾಂನಷ್ಟು ಹಾಕಿ, ಹೊರಗಿನ ವಸ್ತುವೇನೂ ಸೇರುವುದಿಲ್ಲ. ಹೆಚ್ಚಿನ ಆಮ್ಲವನ್ನು ಹಾಗೇ ಬಿಟ್ಟು ಆವಿ ಮಾಡಿದರೆ, ನೀರು ಹೋದಂತೆಲ್ಲ ಆಮ್ಲ ಗಾಢವಾಗಿ ಹರಳಿಗೆ ಅಂಟುತ್ತದೆ. ಲಿಡೋಕೇನ್ ಅಮೈಡ್ ಜಾತಿಯದು, ಆ ಆಮ್ಲವನ್ನು ಒಡೆಯದೆ ತಡೆದುಕೊಳ್ಳುತ್ತದೆ. ಪ್ರೊಕೇನ್‌ನಂಥ ಎಸ್ಟರ್‌ಗಳಿಗೆ ಆ ಗಟ್ಟಿತನವಿಲ್ಲ.

ಪಕ್ಕದ ಬೆಂಚಿನವರು ಅನಿಲೀನ್ (ಇನ್ನೂ ದುರ್ಬಲ ಬೇಸ್) ಲವಣ ಮಾಡುತ್ತಿದ್ದರೆ ಅವರಿಗೆ ಈ 4.3 ಹೇಳಬೇಡಿ. ಅದರ ಪಿಕೆಎ 4.6, ಆ ಪಿಎಚ್‌ನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಇನ್ನೂ ಬೇಸೇ. 0.1 ಮೋಲಾರ್ ದ್ರಾವಣದಲ್ಲಿ ಅವರು 2.8ರವರೆಗೂ ಇಳಿಯಬೇಕು.

ಮತ್ತೊಂದು ಮಾತು, ಡಿಸ್ಟಿಲ್ಡ್ ನೀರನ್ನೇ ಬಳಸಿ. ನಮ್ಮ ಊರಿನ ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಸ್ವಲ್ಪ ಆಮ್ಲವನ್ನು ನುಂಗಿ ನಿಮ್ಮ ಲೆಕ್ಕ ತಪ್ಪಿಸುತ್ತದೆ.