ನೃತ್ಯ ಕಲಿಯದ ನನ್ನ ತಾಯಿ ಸಮಕಾಲೀನ ನೃತ್ಯ ತಂಡದ ಪ್ರಯೋಗಕ್ಕೆ ಸೇರಬಹುದೇ?

ನಿಮ್ಮ ತಾಯಿಯವರಿಗೆ 61 ವರ್ಷ, ಮೊಣಕಾಲು ನೋವಿದೆ, ಎಂದೂ ನೃತ್ಯ ಕಲಿತವರಲ್ಲ. ಹೊರಗಿನಿಂದ ಬರುವ ಸಮಕಾಲೀನ ನೃತ್ಯ ತಂಡವೊಂದು ದಾವಣಗೆರೆಯ ಜನರನ್ನೇ ಸೇರಿಸಿಕೊಂಡು ರಂಗಪ್ರಯೋಗ ಕಟ್ಟುವುದಾಗಿ ಹೇಳಿದೆ. ಅವರು ಸೇರಬಹುದೇ, ಇದನ್ನು ನೃತ್ಯವೆನ್ನಬಹುದೇ ಎಂದು ಕೇಳಿದ್ದೀರಿ. ನಾನು ಇದೇ ಊರಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಇಂಥ ಎರಡು ಯೋಜನೆಗಳಲ್ಲಿ ಪಾಲ್ಗೊಂಡ ಅನುಭವದಿಂದ ಹೇಳುವುದಾದರೆ, ಖಂಡಿತ ಸೇರಲಿ. ಆದರೆ ಅದಕ್ಕೆ ಮೊದಲು ಆ ತಂಡದವರಿಂದ ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ.

ಸಮಕಾಲೀನ ನೃತ್ಯದಲ್ಲಿ ಎಲ್ಲರೂ ಕಲಿತಿರಲೇಬೇಕಾದ ಹಸ್ತಮುದ್ರೆಗಳ, ಅಡವುಗಳೆಂಬ ಮೂಲ ಹೆಜ್ಜೆಗಳ ಒಂದೇ ಪಾಠಕ್ರಮವಿಲ್ಲ. 1992ರಲ್ಲಿ ಆರಂಭವಾದ, ಬೆಂಗಳೂರಿನ ಅಟ್ಟಕ್ಕಲರಿಯಂಥ ಸಮಕಾಲೀನ ನೃತ್ಯ ಸಂಸ್ಥೆಯಲ್ಲಿ ಕಲಾವಿದರು ಭರತನಾಟ್ಯವನ್ನೂ ಕೇರಳದ ಸಮರಕಲೆ ಕಳರಿಪಯಟ್ಟನ್ನೂ ಪಾಶ್ಚಾತ್ಯ ಆಧುನಿಕ ನೃತ್ಯವನ್ನೂ ಅಭ್ಯಾಸ ಮಾಡುತ್ತಾರೆ. ಪ್ರಯೋಗ ಕಟ್ಟುವಾಗ ನೃತ್ಯ ಸಂಯೋಜಕರು ಒಂದು ನೆನಪನ್ನೋ ಪ್ರಶ್ನೆಯನ್ನೋ ಮುಂದಿಟ್ಟು, ಅದಕ್ಕೆ ದೇಹ ಹೇಗೆ ಉತ್ತರಿಸುತ್ತದೆ ಎಂಬುದರಿಂದ ಚಲನೆಯನ್ನು ಹೆಕ್ಕಿಕೊಳ್ಳುತ್ತಾರೆ. ಈ ಕಾರಣದಿಂದಲೇ ನೃತ್ಯ ಕಲಿಯದವರಿಗೂ ಅಲ್ಲಿ ಜಾಗವಿದೆ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ 1978ರಲ್ಲಿ ತಮ್ಮ ತಂಡಕ್ಕಾಗಿ ರಚಿಸಿದ ‘ಕಾಂಟಾಕ್ಟ್‌ಹೋಫ್’ ಕೃತಿಯನ್ನು 2000ದಲ್ಲಿ ವುಪ್ಪರ್ಟಾಲ್ ಊರಿನ 65 ದಾಟಿದ ಸಾಮಾನ್ಯ ಜನರಿಂದ ಆಡಿಸಿದರು. 2008ರಲ್ಲಿ ಹದಿಹರೆಯದವರಿಂದ ಆಡಿಸಿದರು. ನಮ್ಮ ದೇಶದವರೇ ಆದ ಸಮಕಾಲೀನ ನೃತ್ಯ ಕಲಾವಿದ ಅಸ್ತಾದ್ ದೇಬೂ ಕಿವಿ ಕೇಳದ ಯುವಕಲಾವಿದರ ಜೊತೆ ವರ್ಷಗಟ್ಟಲೆ ದುಡಿದು ಅವರನ್ನು ದೊಡ್ಡ ರಂಗಗಳಿಗೆ ಕರೆದೊಯ್ದರು. ಇನ್ನು ನಮ್ಮ ಜಾತ್ರೆಗಳಲ್ಲಿ ಡೊಳ್ಳು ಹೊಡೆದು ಕುಣಿಯುವವರು, ಕೋಲಾಟ ಆಡುವವರು ಮರುದಿನ ಹೊಲಕ್ಕೆ ಹೋಗುವವರೇ ಅಲ್ಲವೇ?

ನಾನು ಪಾಲ್ಗೊಂಡ ಮೊದಲ ಯೋಜನೆ ಮೂರು ತಿಂಗಳು ನಡೆಯಿತು. ನಮ್ಮಲ್ಲಿ ಒಬ್ಬರು ಮಂಡಕ್ಕಿ ಭಟ್ಟಿಯಲ್ಲಿ ಬಹುಕಾಲ ದುಡಿದವರು. ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿದ ಕೂಡಲೇ ಬಾಚಿ ತೆಗೆದು, ಜರಡಿಯಾಡಿಸಿ ಮರಳು ಉದುರಿಸಬೇಕು. ತುಸು ತಡವಾದರೂ ಸೀದುಹೋಗುತ್ತದೆ. ಆ ಕೆಲಸವನ್ನು, ಕೈಯಲ್ಲಿ ಜರಡಿಯಿಲ್ಲದಿದ್ದರೂ ಅದರ ಭಾರ ಇದೆಯೆಂದುಕೊಂಡು ಮಾಡಿ ತೋರಿಸಿ ಎಂದು ಸಂಯೋಜಕಿ ಕೇಳಿದರು. ಆಕೆ ಸೆರಗು ಸಿಕ್ಕಿಸಿ, ಕಾಲಗಲಿಸಿ ನಿಂತು ಶುರುಮಾಡಿದಾಗ, ಪ್ರತಿ ಸಲ ಬಾಚುವ ಮುನ್ನ ಅವರ ಮೈ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು. ಅಲ್ಲಿ ಬೆಂಕಿಯೇ ಇರಲಿಲ್ಲ, ಆದರೂ ಮೈ ಝಳವನ್ನು ತಪ್ಪಿಸಿಕೊಳ್ಳುತ್ತಿತ್ತು. ತಂಡದ ಐದು ಮಂದಿ ಕಲಾವಿದರು ಅದನ್ನು ಕಲಿಯಲು ಕುಳಿತರು. ಅವರು ಕತ್ತನ್ನಷ್ಟೇ ಹೊರಳಿಸುತ್ತಿದ್ದುದನ್ನು ಕಂಡು ಆಕೆ, “ಕುತ್ಗಿ ಒಂದ ತಿರುವಬ್ಯಾಡ್ರಿ, ಬಿಸಿ ಮೊದ್ಲು ಎದಿಗೆ ಬಡಿತೈತಿ” ಎಂದರು. ಅಂದಿನಿಂದ ಆ ಭಾಗದ ತಾಲೀಮಿಗೆ ಆಕೆಯೇ ಗುರು. ಪ್ರದರ್ಶನದಲ್ಲಿ ಆರು ಮೈಗಳು ಒಮ್ಮೆಲೇ ಎಡಕ್ಕೆ ವಾಲಿದಾಗ ಸಭಾಂಗಣದಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಭಟ್ಟಿಯ ಕೆಲಸ ಬಲ್ಲ ಮನೆಗಳವರು ಅಲ್ಲಿ ಬಹಳ ಮಂದಿಯಿದ್ದರು. ಇದನ್ನು ನೃತ್ಯವೆನ್ನಲು ನನಗೆ ಯಾವ ಅಳುಕೂ ಇಲ್ಲ.

ಎರಡನೆಯ ಯೋಜನೆಯನ್ನು ಬೇರೊಂದು ತಂಡ ನಡೆಸಿತು. ಎರಡು ವಾರ ನಮ್ಮ ಬದುಕಿನ ಕಥೆಗಳನ್ನು ಕೇಳಿ ಧ್ವನಿಮುದ್ರಿಸಿಕೊಂಡರು. ಪ್ರದರ್ಶನದ ದಿನ ನಮ್ಮ ಕೈಗೆ ದೀಪ ಕೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ನಮ್ಮ ಕಥೆಗಳನ್ನು ಅವರ ಕಲಾವಿದರು ಆಡಿದರು, ಫೋಟೊಗಳಲ್ಲಿ ಮಾತ್ರ ನಾವು ‘ಸಮುದಾಯ’ವಾಗಿ ಕಾಣಿಸಿಕೊಂಡೆವು. ಅದರ ನೋವು ನನಗೆ ಇನ್ನೂ ಇದೆ.

ಹಾಗಾಗಿ ತಾಲೀಮು ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ ಎಂದು ಮೊದಲು ಕೇಳಿ; ಹತ್ತು ಹದಿನೈದು ದಿನಗಳಲ್ಲಿ ಪರಸ್ಪರ ನಂಬಿಕೆಯೂ ಬೆಳೆಯುವುದಿಲ್ಲ, ಚಲನೆಯೂ ಮಾಗುವುದಿಲ್ಲ. ನಿಮ್ಮ ತಾಯಿಯವರು ರಂಗದ ಮೇಲೆ ಏನು ಮಾಡುತ್ತಾರೆ, ಬೇಡವೆನಿಸಿದ ಸಂಗತಿಯನ್ನು ಪ್ರಯೋಗದಿಂದ ತೆಗೆಸುವ ಹಕ್ಕು ಅವರಿಗಿದೆಯೇ, ಕರಪತ್ರದಲ್ಲಿ ಕಲಾವಿದರ ಸಾಲಿನಲ್ಲೇ ಅವರ ಹೆಸರು ಬರುತ್ತದೆಯೇ ಎಂಬುದನ್ನೂ ಕೇಳಿ. ದಿನಗೂಲಿ ಬಿಟ್ಟು ಬರುವವರಿಗೆ ಭತ್ಯೆ ಕೊಡುತ್ತಾರೆಯೇ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಎತ್ತಿ; ಒಳ್ಳೆಯ ತಂಡ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಸಾಧ್ಯವಾದರೆ ಅವರ ಹಿಂದಿನ ರಂಗಪ್ರಯೋಗವೊಂದರ ವಿಡಿಯೊ ನೋಡಿ: ತಮ್ಮ ಕಲಾವಿದರ ದಣಿವನ್ನೂ ವಯಸ್ಸನ್ನೂ ಮುಚ್ಚಿಡದೆ ರಂಗದ ಮೇಲೆ ತರುವ ತಂಡ ನಿಮ್ಮ ತಾಯಿಯವರ ದೇಹವನ್ನೂ ಗೌರವದಿಂದ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಮೊಣಕಾಲಿನ ವಿಚಾರವನ್ನು ವೈದ್ಯರಿಗೂ ಸಂಯೋಜಕರಿಗೂ ಮೊದಲೇ ತಿಳಿಸಿ. ಅಮೆರಿಕದ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಿಂದ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ ನಡೆಸುತ್ತಿರುವ ತರಗತಿಗಳು ಕುರ್ಚಿಯಲ್ಲಿ ಕುಳಿತೇ ಆರಂಭವಾಗುತ್ತವೆ. ನಮ್ಮಲ್ಲೂ ಇಬ್ಬರು ಕೊನೆಯವರೆಗೆ ಕುಳಿತೇ ಮಾಡಿದರು. ತಾಯಿಯವರು ಸೀರೆಯಲ್ಲೇ ಬರುತ್ತೇನೆಂದರೆ ಬರಲಿ. ಮೊದಲ ದಿನ ನೀವೂ ಜೊತೆಗೆ ಹೋಗಿ, ಬಾಗಿಲಲ್ಲಿ ಬಿಟ್ಟು ಬರದೆ ಒಳಗೆ ಕುಳಿತು ನೋಡಿ.